ಸಾವ್ಕಾರನ ಪೀಪಾಯಿ ಫ್ರಿಜ್

ಫ್ರಿಜ್ಜಿನ ಗುಂಡಿಯನ್ನು ಏಳನೇ ನಂಬರಿಗೆ ತಿರುಗಿಸಿಟ್ಟು ಮರೆತುಬಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರದ ಗಲ್ಲಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟೆ. ಆಗ ನಮ್ಮ ಕಡೆ ಫ್ರಿಜ್ಜೆಂದರೆ ಅಡುಗೆಮನೆಯ ವಸ್ತುವಲ್ಲ. ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ, ತಲೆಯ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು ನಿಲ್ಲುತ್ತಿತ್ತು. ದಸರೆಗೆ ಅದಕ್ಕೂ ಕುಂಕುಮ, ಅದಕ್ಕೂ ಹೂವು. ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಮಾತ್ರ ಒಬ್ಬನಿಗೂ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ಒಂದರಿಂದ ಏಳರವರೆಗೆ ನಂಬರು ಬರೆದಿದ್ದರೆ ಏಳಕ್ಕೇ ಇಡಬೇಕು, ಕಮ್ಮಿ ಇಟ್ಟರೆ ಕಂಪನಿಯವರು ಮೋಸ ಮಾಡಿದ ಹಾಗೆ. ಬಾಗಿಲಿನ ರಬ್ಬರು ಹರಿದು ಜೋತು ಬಿದ್ದರೆ ಹಿಡಿಕೆಗೆ ಲಾಡಿ ಕಟ್ಟುವುದು. "ಮಿಸ್ತ್ರಿ, ಥಂಡ ಕಮ್ಮಿ ಆಗ್ಯಾದ, ಜರಾ ಗ್ಯಾಸ್ ಹಾಕ್ರಿ." ಎಲ್ಲ ರೋಗಕ್ಕೂ ಅವರ ಬಾಯಲ್ಲಿ ಅದೊಂದೇ ಮದ್ದು.

ನಾನು ಹಾಗಿರಲಿಲ್ಲ. ನನ್ನ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಒಂದು ಥರ್ಮಾಮೀಟರ್ ಇರುತ್ತಿತ್ತು. ಫ್ರಿಜ್ ರಿಪೇರಿ ಆದ ಮೇಲೆ ಒಂದು ಲೋಟ ನೀರಿನಲ್ಲಿ ಅದನ್ನು ಮುಳುಗಿಸಿ ಒಳಗಿಟ್ಟು, ನಾಲ್ಕು ತಾಸು ಬಿಟ್ಟು ನೋಡಿ, ಆಮೇಲಷ್ಟೇ ಕೆಲಸ ಮುಗಿಯಿತು ಎನ್ನುತ್ತಿದ್ದೆ. ಇದನ್ನು ನನಗೆ ಕಲಿಸಿದ್ದು ಒಬ್ಬ ನರ್ಸ್. ಮಕ್ಕಳಿಗೆ ಹಾಕುವ ಲಸಿಕೆ ಇಡುವ ಪೆಟ್ಟಿಗೆಯ ರಿಪೇರಿಗೆ ಹೋದಾಗ ಆಕೆ ಹೇಳಿದ್ದಳು: "ಬೆಚ್ಚಗಾದ್ರ ದಮ್ಮು ಕಮ್ಮಿ ಆಗತದ ಅಣ್ಣಾ, ಬರ್ಫ್ ಆದ್ರ ಪೂರಾ ಸತ್ತೇ ಹೋಗತದ. ಇನ್ಸುಲಿನ್ನೂ ಹಂಗೇ." ಮಂಜುಗಡ್ಡೆಯಾದರೆ ಔಷಧಿ ಸಾಯುತ್ತದೆ ಎಂಬ ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ನಾನು ಕುಡಿಯುವವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ಯಾರು ಸಿಕ್ಕರೂ ನಾನು ಮೊದಲು ಹೇಳುತ್ತಿದ್ದುದು ಇದನ್ನೇ.

ಎರಡು ಸಾವಿರದ ಎರಡೋ ಮೂರೋ ಇಸವಿ. ಬಸವಕಲ್ಯಾಣದ ಒಬ್ಬ ತೊಗರಿ ಸಾವ್ಕಾರ ಅಂಗಡಿಗೆ ಫೋನ್ ಮಾಡಿದ. ಎದುರಿಗೆ ನಾನು ಅವನಿಗೆ ಬಹುವಚನವನ್ನೇ ಬಳಸುತ್ತಿದ್ದೆ. ಬರೆಯುವಾಗ ಏಕವಚನ ಸಾಕು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಧೋತರ. ಊರಲ್ಲಿ ಯಾವ ಸಭೆ ಆಗಲಿ, ವೇದಿಕೆಯ ಮೇಲೆ ಎರಡನೇ ಕುರ್ಚಿ ಅವನದು. ಕುಡಿತದಿಂದ ಮನೆತನಗಳು ಹೇಗೆ ಹಾಳಾಗುತ್ತವೆ ಎಂದು ಅವನು ಮುಕ್ಕಾಲು ತಾಸು ಭಾಷಣ ಮಾಡಿದ್ದನ್ನು ಹಿಂದಿನ ಸಾಲಿನಲ್ಲಿ ನಿಂತು ನಾನೇ ಕೇಳಿದ್ದೆ. ಕೇಳುತ್ತ ಕೆಲವು ಹೆಂಗಸರು ಕಣ್ಣು ಒರೆಸಿಕೊಂಡಿದ್ದರು.

ಅವನು ನನ್ನನ್ನು ಮನೆಯ ಹಿಂದಿನ ಕೋಲಿಗೆ ಕರೆದುಕೊಂಡು ಹೋಗಿ ಒಳಗಿಂದ ಅಗಳಿ ಹಾಕಿದ. ಹಿಂದೆ ತೊಗರಿ ಚೀಲ ಇಡುತ್ತಿದ್ದ ಕೋಣೆ ಅದು. ಮೂಲೆಯಲ್ಲಿ ಆಳೆತ್ತರದ ಒಂದು ಹಳೆಯ ಫ್ರಿಜ್. ಅದರ ಬಾಗಿಲಿಗೆ ತೂತು ಕೊರೆದು ಹಿತ್ತಾಳೆಯ ತೋಟಿ ಕೂಡಿಸಿದ್ದರು. ಒಳಗೆ ಶೆಲ್ಫುಗಳನ್ನೆಲ್ಲ ಕಿತ್ತು ಒಂದು ಉಕ್ಕಿನ ಪೀಪಾಯಿ, ಅದರ ಪಕ್ಕದಲ್ಲಿ ಗ್ಯಾಸಿನ ಸಣ್ಣ ಸಿಲಿಂಡರ್. ಹೆದ್ದಾರಿಯ ಪಕ್ಕ ಮುಚ್ಚಿಹೋದ ಯಾವುದೋ ಬಾರಿನ ಸಾಮಾನಂತೆ. ಬಿಯರ್ ಎಲ್ಲಿಂದ ತುಂಬಿ ಬರುತ್ತಿತ್ತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ನೋಡ್ರಿ ಮಿಸ್ತ್ರಿ," ಎಂದು ಗಿಲಾಸು ಹಿಡಿದು ತೋಟಿ ತಿರುಗಿಸಿದ. "ಬರೇ ಬುರುಗ ಬರಾಕತ್ತದ. ಬ್ಯಾರಲ್ ಅರ್ಧಾ ಬುರುಗನ್ಯಾಗೇ ಹೋತು. ಗ್ಯಾಸ್ ಜಾಸ್ತಿ ಆಗ್ಯಾದೇನು?"

"ಎಷ್ಟು ನಂಬರಿಗೆ ಇಟ್ಟೀರಿ?"

"ಏಳಕ್ಕ."

ಮತ್ತೆಷ್ಟಕ್ಕೆ ಇಟ್ಟಾನು ಪುಣ್ಯಾತ್ಮ! ಬಾಗಿಲು ತೆರೆದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೋಟಿಯ ತೂತಿನ ಸುತ್ತ ಸೀರೆಯ ಚಿಂದಿ ತುರುಕಿ ಮೇಣದಬತ್ತಿ ಕರಗಿಸಿ ಸುರಿದಿದ್ದ. ಪೀಪಾಯಿ ಬಾಗಿಲಿಗೆ ತಾಗಿ ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ. ಕೆಳಗಡೆ ಬೆರಳು ತೂರುವಷ್ಟು ಸಂದು, ಅದಕ್ಕೊಂದು ಬಡಗಿಯ ಕೊಂಡಿ. ಥರ್ಮೋಸ್ಟಾಟಿನಿಂದ ಹೊರಡುವ ಸಣ್ಣ ತಾಮ್ರದ ನಳಿಗೆಯನ್ನು ನಾವು ಬಾಲ ಎನ್ನುತ್ತೇವೆ. ಒಳಗೆ ಎಷ್ಟು ಥಂಡಿ ಇದೆ ಎಂದು ಯಂತ್ರಕ್ಕೆ ತಿಳಿಸುವುದು ಅದೇ. ಈ ಮಹಾಶಯ ಅದನ್ನು ಕಿತ್ತು ಬಾಗಿಲ ಸಂದಿನ ಹತ್ತಿರ ಇಳಿಬಿಟ್ಟಿದ್ದ. ಯಾಕೆ ಎಂದು ಕೇಳಿದರೆ, "ಅಡ್ಡ ಬರಾಕತ್ತಿತ್ತು" ಎಂದ.

ಬಿಯರ್ ಬೆಚ್ಚಗಿದ್ದರೆ ಅದರೊಳಗಿನ ಗ್ಯಾಸ್ ನಿಲ್ಲದೆ ಬುರುಗಾಗಿ ಏಳುತ್ತದೆ, ಥಂಡಿ ನಿಂತರೆ ಬುರುಗು ತಾನೇ ಇಳಿಯುತ್ತದೆ, ಬಾಗಿಲು ಕೂರದೆ ಥಂಡಿ ನಿಲ್ಲುವುದಿಲ್ಲ. ಇಷ್ಟನ್ನು ಎರಡು ಸಲ ಹೇಳಿದೆ. ಅವನು ಎರಡು ಸಲವೂ ತಲೆ ಆಡಿಸಿ, "ಅಂದ್ರ ಗ್ಯಾಸ್ ಹಾಕಬೇಕು" ಎಂದ. ಮೂರನೇ ಸಲ ಹೇಳುವ ಗೋಜಿಗೆ ಹೋಗದೆ ಕೆಲಸಕ್ಕೆ ಕೈ ಹಚ್ಚಿದೆ.

ಎರಡು ದಿನ ಹಿಡಿಯಿತು. ಪೀಪಾಯಿ ಹಿಂದಕ್ಕೆ ಸರಿಯುವಂತೆ ಕೆಳಗೆ ಕಟ್ಟಿಗೆಯ ಚೌಕಟ್ಟು ಕೂಡಿಸಿದೆ. ಬಾಗಿಲಿಗೆ ಹೊಸ ರಬ್ಬರು ಹಾಕಿ, ಬಿಸಿನೀರು ಹೊಯ್ದು ಮೆತ್ತಗೆ ಮಾಡಿ, ಮೂಲೆಗಳನ್ನು ಬೆರಳಿನಿಂದ ತೀಡಿ ತೀಡಿ ಕೂಡಿಸಿದೆ. ಆಮೇಲೆ ಪೇಪರಿನ ಒಂದು ಪಟ್ಟಿಯನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆದು ನೋಡುವುದು. ಸಲೀಸಾಗಿ ಬಂದರೆ ಅಲ್ಲಿ ಸಂದಿದೆ ಎಂದರ್ಥ. ನಾಲ್ಕೂ ಕಡೆ ಪೇಪರ್ ಹರಿಯಿತೇ ಹೊರತು ಜಾರಲಿಲ್ಲ. ಗ್ಯಾಸಿನ ನಳಿಗೆಯ ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ಬಿಗಿ ಮಾಡಿದೆ. ಬಾಲವನ್ನು ಅದರ ಜಾಗಕ್ಕೆ ಸೇರಿಸಿ ಗುಂಡಿಯನ್ನು ಮೂರಕ್ಕೆ ಇಟ್ಟೆ. ಮರುದಿನ ಲೋಟದ ನೀರು ನಾಲ್ಕು ಡಿಗ್ರಿ ತೋರಿಸಿತು. ತೋಟಿ ತಿರುಗಿಸಿದರೆ ಎರಡು ಬೆರಳು ಬುರುಗು, ಅದರ ಕೆಳಗೆ ಸಾಫ್ ಬಂಗಾರದ ಬಣ್ಣ. ಮುಂಜಾನೆ ಹತ್ತು ಗಂಟೆಗೆ ಸಾವ್ಕಾರ ನಿಂತಲ್ಲೇ ಅದನ್ನು ಇಳಿಸಿ ಮೀಸೆ ಒರೆಸಿಕೊಂಡ. ಬುರುಗು ಒರೆಸುವಾಗ ವಿಭೂತಿಗೆ ಕೈ ತಾಗದಂತೆ ಅವನು ವಹಿಸಿದ ಎಚ್ಚರ ನೋಡಿ ಥೂ ಅನ್ನಿಸಿತು. ಅದರ ಅರ್ಧ ಎಚ್ಚರವನ್ನು ಬಾಗಿಲಿನ ರಬ್ಬರಿಗೆ ತೋರಿಸಿದ್ದರೆ ನಾನು ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಸಾವ್ಕಾರನ ಮುಖ ಹುಳ್ಳಗಾಯಿತು. ಗಿಲಾಸನ್ನು ನನ್ನ ಸಾಮಾನಿನ ಚೀಲದ ಹಿಂದೆ ಇಟ್ಟು, ತೋಟಿಯ ಮೇಲೆ ಹೆಗಲಿನ ಟಾವೆಲ್ ಎಸೆದು ಅಗಳಿ ತೆಗೆದ. ಬಂದವರು ಅವನ ತಾಯಿ, ಎಲ್ಲರ ಬಾಯಲ್ಲಿ ಆಯಿ. ಎಪ್ಪತ್ತು ದಾಟಿದ, ಬೆನ್ನು ಬಾಗದ ತೆಳ್ಳನೆಯ ಹೆಂಗಸು. ಸ್ನಾನ, ಪೂಜೆ ಮುಗಿಸಿ ಬಂದಿದ್ದರು. ಒದ್ದೆ ಬಟ್ಟೆಯಲ್ಲಿ ಏನೋ ಸುತ್ತಿ ಹಿಡಿದಿದ್ದರು. ಬಲಗಾಲಿನ ಹೆಬ್ಬೆರಳಿಗೆ ಪಟ್ಟಿ ಇತ್ತು.

"ಇದೇನೋ ಇದು?"

"ಬೀಜದ ಔಷಧಿ ಅವ್ವಾ," ಎಂದ ಮಗ. ನಾಲಿಗೆ ತಡವರಿಸಲಿಲ್ಲ, ಅಭ್ಯಾಸ ಇತ್ತಲ್ಲ. "ತೊಗರಿ ಬೀಜಕ್ಕ ಹಚ್ಚೋದು. ಥಂಡ ಇರಬೇಕು. ಯಾರೂ ಮುಟ್ಟಬಾರದು."

ಆಯಿ ಒಂದು ಕ್ಷಣ ಫ್ರಿಜ್ಜನ್ನು ನೋಡಿದರು. ಆಮೇಲೆ ನನ್ನನ್ನು. "ಔಷಧಿ ಪೆಟ್ಟಿಗಿ ಅಂದ್ರ ಬೇಷ್ ಆತು ನೋಡು. ನಂದೂ ಔಷಧಿನೇ ಅದ," ಎಂದು ಒದ್ದೆ ಬಟ್ಟೆ ಬಿಚ್ಚಿದರು. ಇನ್ಸುಲಿನ್ನಿನ ಸಣ್ಣ ಬಾಟಲಿಗಳು. "ಅಡಗಿಮನಿ ಫ್ರಿಜ್ ಕರೆಂಟ್ ಹೋದ್ರ ಕುದೀತದ. ಇದಕ್ಕ ನೀ ಜನರೇಟರ್ ಹಚ್ಚೀದಿ. ಇದರಾಗ ಇಡತೀನಿ."

ದಿನಕ್ಕೆ ಆರೇಳು ತಾಸು ಕರೆಂಟ್ ಹೋಗುತ್ತಿದ್ದ ವರ್ಷಗಳು ಅವು. ಜನರೇಟರ್ ತಂದ ಮಗ ಅದರ ತಂತಿಯನ್ನು ಪೀಪಾಯಿಯ ಕೋಲಿಗೆ ಎಳೆದಿದ್ದನೇ ಹೊರತು ತಾಯಿಯ ಔಷಧಿ ಇದ್ದ ಅಡುಗೆಮನೆಗಲ್ಲ. ಈಗ ಬ್ಯಾಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸಾವ್ಕಾರ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಒಳಗೊಳಗೇ ಹೊಟ್ಟೆ ತುಂಬ ನಕ್ಕೆ.

ಆಯಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಒಂದು, ಸಂಜೆ ಒಂದು ಸೂಜಿ, ತಮ್ಮ ಕೈಯಿಂದ ತಾವೇ ಚುಚ್ಚಿಕೊಳ್ಳುತ್ತಿದ್ದರು. ಕಾಲಿನ ಗಾಯ ಮಾಯುತ್ತಿರಲಿಲ್ಲ. ಸಕ್ಕರೆ ಹತೋಟಿಯಲ್ಲಿದ್ದರೆ ಮಾತ್ರ ಕಾಲು ಉಳಿಯುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರಂತೆ. ನಾನು ಒಂದು ಸ್ಟೀಲ್ ಡಬ್ಬಿಯನ್ನು ಐಸ್ ಪೆಟ್ಟಿಗೆಯ ಕೆಳಗೆ, ಎಲ್ಲಕ್ಕಿಂತ ಥಂಡಿ ಇರುವ ಕಡೆ, ಬಿಗಿಯಾಗಿ ಕೂಡಿಸಿದೆ. ಬರ್ಫ್ ಆದರೆ ಏನಾಗುತ್ತದೆ ಎಂದು ಆಯಿಗೆ ಹೇಳಲಿಲ್ಲ. ಹಳೆಯ ಕಾಲದವರು, ಅವರಿಗೇನು ತಿಳಿಯುತ್ತದೆ, ಗುಂಡಿ ನನ್ನ ಕೈಯಲ್ಲಿದೆಯಲ್ಲ ಅನ್ನಿಸಿತು. "ಚಿಂತಿ ಮಾಡಬ್ಯಾಡ್ರಿ ಆಯಿ, ನಾ ನೋಡ್ಕೋತೀನಿ," ಎಂದೆ. "ನಿನ್ನ ಮ್ಯಾಲೇ ಬಿಟ್ಟೀನಿ ತಮ್ಮಾ," ಎಂದರು.

ಆ ಚಳಿಗಾಲ ಎಲ್ಲವೂ ಬರಾಬರ್ ನಡೆಯಿತು. ಬೇಸಿಗೆ ಬಂತು, ಸಾವ್ಕಾರನ ಗಂಟಲು ಒಣಗಿತು, ಗುಂಡಿ ಮತ್ತೆ ಏಳಕ್ಕೆ ಹೋಯಿತು. ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ಪೀಪಾಯಿಯ ಮೈ ಮುಟ್ಟಿ ನೋಡುತ್ತಿದ್ದನಂತೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ. ಹೆತ್ತ ತಾಯಿಯ ಕಾಲನ್ನು ಅಷ್ಟು ಸಲ ನೋಡಿದ್ದನೋ ಇಲ್ಲವೋ. ಕೊನೆಗೆ ಥರ್ಮೋಸ್ಟಾಟ್ ಸುಟ್ಟು ಕಂಪ್ರೆಸರ್ ಏಳದೆ ಹೋಯಿತು. ಹೊಸದು ಹೈದರಾಬಾದಿನಿಂದ ಬರಬೇಕು, ನಾಲ್ಕು ದಿನ. ಅಲ್ಲಿಯವರೆಗೆ ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಒಂದು ಉಪಾಯವಿದೆ. ಥರ್ಮೋಸ್ಟಾಟನ್ನು ಬಿಟ್ಟು ಎರಡು ತಂತಿಗಳನ್ನು ನೇರವಾಗಿ ಕೂಡಿಸಿಬಿಡುವುದು. ಡೈರೆಕ್ಟ್ ಮಾಡುವುದು ಎನ್ನುತ್ತೇವೆ. ಆಗ ಸಾಕು ಎನ್ನುವವರು ಯಾರೂ ಇರುವುದಿಲ್ಲ, ಯಂತ್ರ ಓಡುತ್ತಲೇ ಇರುತ್ತದೆ. ಬೇರೆ ಮಿಸ್ತ್ರಿಗಳು ಹೀಗೆ ಮಾಡಿದ್ದನ್ನು ಕಂಡು ನಾನು ಎಷ್ಟು ಸಲ ಮೂಗು ಮುರಿದಿದ್ದೆನೋ! ಅವತ್ತು ನಾನೇ ಮಾಡಿದೆ.

"ಎರಡು ತಾಸು ಚಾಲೂ ಇಡ್ರಿ, ಎರಡು ತಾಸು ಬಂದ್ ಮಾಡ್ರಿ. ಮರೀಬ್ಯಾಡ್ರಿ, ಅವ್ವಾರ ಔಷಧಿ ಅದ," ಎಂದು ಸಾವ್ಕಾರನಿಗೆ ಹೇಳಿದೆ.

"ಆತ್ರಿ, ಆತ್ರಿ," ಎಂದ.

ಐದನೇ ದಿನ ಸಾಮಾನು ಬಂತು. ಫೋನ್ ಮಾಡಿದೆ.

"ಬ್ಯಾಡ್ರಿ ಮಿಸ್ತ್ರಿ!" ಎಂದು ಫೋನಿನಲ್ಲೇ ಕುಣಿದ. "ಈಗೇ ಛಲೋ ಅದ. ಇಂಥಾ ಥಂಡ ಇಷ್ಟು ದಿನ ಆಗೇ ಇದ್ದಿಲ್ಲ. ಹಲ್ಲು ಝುಂ ಅಂತಾವ. ನಿಮ್ಮ ಪಾರ್ಟ್ ನೀವೇ ಇಟ್ಕೋರಿ."

"ಬಂದ್ ಮಾಡಾಕತ್ತೀರೇನ್ರಿ ನಡು ನಡುವ?"

"ಯಾರಿಗೆ ಪುರುಸೊತ್ತು ಅದ್ರೀ?"

ನನ್ನ ತಲೆ ಕೆಟ್ಟುಹೋಯಿತು. ಎರಡು ದಿನ ಮೊಣಕಾಲೂರಿ ತೀಡಿದ ರಬ್ಬರು, ಲೋಟದ ನೀರು, ನಾಲ್ಕು ಡಿಗ್ರಿ, ಯಾವುದೂ ಈ ಎಮ್ಮೆಗೆ ತಾಗಿಲ್ಲ. ಇಟ್ಟುಕೋ ಮಗನೇ ಅಂದುಕೊಂಡೆ. ಪೀಪಾಯಿ ಬರ್ಫ್ ಆಗಿ ಒಡೆಯಲಿ. ಪಡಸಾಲೆಯವರೆಗೂ ಬುರುಗು ಹರಿಯಲಿ. ನಿನ್ನ ಭಾಷಣ ಕೇಳಿ ಅತ್ತ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡು ನಿನ್ನ ಬಾಗಿಲಲ್ಲಿ ನಿಲ್ಲಲಿ. ಹೊಸ ಥರ್ಮೋಸ್ಟಾಟನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ಆ ದಿನ ಯಾವಾಗ ಬರುತ್ತದೋ ಎಂದು ಖುಷಿಯಿಂದ ಕಾಯತೊಡಗಿದೆ.

ಬಾಟಲಿಗಳು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ಸಂಜೆ ನೆನಪಾದವು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಬುಧವಾರ ಹೋದರಾಯಿತು ಅಂದುಕೊಂಡೆ. ಬುಧವಾರ ಹೋಗಲಿಲ್ಲ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ. ಅವನ ತಾಯಿ, ಅವನು ನೋಡಿಕೊಳ್ಳಲಿ.

ಒಂದೂವರೆ ತಿಂಗಳಾದ ಮೇಲೆ ಫೋನ್ ಬಂತು. "ತೋಟ್ಯಾಗ ಒಂದು ಹನಿ ಬರವಲ್ದು. ಲಗೂನ ಬರ್ರಿ." ಬಸ್ಸಿನ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ನಗುತ್ತ ಹೋದೆ. ಪೀಪಾಯಿ ಒಡೆದಿರುತ್ತದೆ ಎಂದು ನನಗೆ ಖಾತ್ರಿ ಇತ್ತು.

ಒಡೆದಿರಲಿಲ್ಲ. ಪೀಪಾಯಿಯಿಂದ ತೋಟಿಗೆ ಹೋಗುವ ನಳಿಗೆಯಲ್ಲಿ ಮಾತ್ರ ಬರ್ಫ್ ಕಟ್ಟಿತ್ತು. ಬಿಯರಿನಲ್ಲಿ ಮದ್ಯವಿದೆ, ನೀರು ಗಟ್ಟಿಯಾಗುವ ಥಂಡಿಯಲ್ಲಿ ಅದು ಗಟ್ಟಿಯಾಗುವುದಿಲ್ಲ. ಮೇಲಾಗಿ ಅಷ್ಟು ದೊಡ್ಡ ಪೀಪಾಯಿಯೊಳಗೆ ಥಂಡಿ ಇಳಿಯಲು ಬಹಳ ಹೊತ್ತು ಬೇಕು. ಬೆರಳುದ್ದದ ಬಾಟಲಿಗೆ ಒಂದು ರಾತ್ರಿ ಸಾಕು. ಇದೆಲ್ಲ ನನಗೆ ಮೊದಲೇ ಗೊತ್ತಿದ್ದ ವಿದ್ಯೆ. ಐಸ್ ಪೆಟ್ಟಿಗೆಯಿಂದ ಇಳಿದ ಬರ್ಫ್ ನನ್ನ ಸ್ಟೀಲ್ ಡಬ್ಬಿಯನ್ನು ಪೂರ್ತಿ ನುಂಗಿತ್ತು. ಮುಚ್ಚಳದ ಕಡೆ ಮಾತ್ರ, ದಿನಾ ಕೆರೆದು ತೆಗೆದ ಹಾಗೆ, ಬೆರಳು ಹೋಗುವಷ್ಟು ಜಾಗ.

"ಅವ್ವಾರು ಎಲ್ಲಿ?" ಎಂದೆ.

"ಸೊಲ್ಲಾಪುರ ದವಾಖಾನ್ಯಾಗ. ಸಕ್ಕರಿ ಏರ್ಯಾದ, ಕಾಲಿನ ಗಾಯ ಕೊಳೀಲಾಕತ್ತದ. ಡಾಕ್ಟ್ರು ನೋಡ್ರಿ, ಇಂಜೆಕ್ಷನ್ ತಗೊಂಡೇ ಇಲ್ಲ ಅಂತಾರ. ನಾ ಕಣ್ಣಾರೆ ನೋಡೀನಿ, ದಿನಾ ಬಾಟ್ಲಿ ಮುಷ್ಟ್ಯಾಗ ಹಿಡದು ಬೆಚ್ಚಗ ಮಾಡಿ ತಗೋತಿದ್ಲು." ಅಷ್ಟು ಹೇಳಿ ಉಸಿರು ಎಳೆದುಕೊಂಡು, "ಅದಿರ್ಲಿ, ಮೊದಲ ಇದು ನೋಡ್ರಿ," ಎಂದು ತೋಟಿ ತೋರಿಸಿದ.

ಡಬ್ಬಿಯಿಂದ ಒಂದು ಬಾಟಲಿ ಕೆರೆದು ತೆಗೆದು ಮುಷ್ಟಿಯಲ್ಲಿ ಹಿಡಿದೆ. ಕರಗಿದ ಮೇಲೆ ಬೆಳಕಿಗೆ ಹಿಡಿದರೆ ಒಳಗೆ ಒಡೆದ ಹಾಲಿನಂತೆ ಬಿಳಿ ಚೂರುಗಳು ಗಾಜಿಗೆ ಅಂಟಿಕೊಂಡಿದ್ದವು.

"ಇದು ಸತ್ತ ಔಷಧಿ ಅದ್ರಿ! ಬರ್ಫ್ ಆಗಿ ಸತ್ತದ!" ಎಂದು ಕೂಗಿದೆ.

"ಬರ್ಫ್ ಆದ್ರ ಇನ್ನೂ ಛಲೋ ಉಳೀತದಲ್ಲ?" ಎಂದು ಕೇಳಿದ ಸಾವ್ಕಾರ.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವತ್ತು ಬಹುವಚನವೂ ಉಳಿಯಲಿಲ್ಲ. ಡಾಕ್ಟರಿಗೆ ಈಗಲೇ ಫೋನ್ ಮಾಡಿ ಹೇಳು ಎಂದು ಎದುರಿಗೆ ನಿಂತು ಮಾಡಿಸಿದೆ. ಕಿಸೆಯಲ್ಲಿ ತಂದಿದ್ದ ಹೊಸ ಥರ್ಮೋಸ್ಟಾಟನ್ನು ಕೂಡಿಸಿ, ಆ ಎರಡು ತಂತಿಗಳನ್ನು ಬಿಡಿಸಿ ಹುಮನಾಬಾದಿಗೆ ಬಂದೆ. ಮುಂದೆ ಎರಡು ತಿಂಗಳು ಚಹಾದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ. ಬಿಯರಿಗಾಗಿ ತಾಯಿಯ ಕಾಲು ತೆಗೆಸಿದ ಮಗ! ಅಷ್ಟರಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಕೇಳಿದವರೆಲ್ಲ ಛೀ ಥೂ ಎಂದರು. ಎರಡು ತಂತಿಗಳ ಮಾತನ್ನು ಮಾತ್ರ ನಾನು ಒಬ್ಬರಿಗೂ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯೇ ಹೇಳಿ ಕಳಿಸಿದರು. ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸೊಂಟದ ಕೆಳಗೆ ಚಾದರ. ಮನೆಯಲ್ಲಿ ಮಗ ಇರಲಿಲ್ಲ.

"ಕುಂದ್ರು ತಮ್ಮಾ. ಆ ಕೋಲ್ಯಾಗಿನ ಪೆಟ್ಟಿಗಿ ಬರಾಬರ್ ಆಗ್ಯಾದೇನು?"

"ಆಗ್ಯಾದ್ರಿ ಆಯಿ."

"ಹಂಗಾದ್ರ ಕುಡ್ಯಾಕತ್ತಾನ."

ನಾನು ತಬ್ಬಿಬ್ಬಾದೆ. "ನಿಮಗ ಗೊತ್ತಿತ್ತೇನ್ರಿ?"

"ಬೀಜದ ಔಷಧಿ ವಾಸನಿ ಯಾವದು, ಕುಡಿಯೋದರ ವಾಸನಿ ಯಾವದು ನನಗ ತಿಳಿಯಂಗಿಲ್ಲೇನು? ಇವರಪ್ಪ ಅದರಾಗೇ ಹೋದ್ರು." ಆಯಿಯ ದನಿ ಏರಲಿಲ್ಲ. "ನನ್ನ ಮುಂದ ಕುಡಿಯೋ ಧೈರ್ಯ ಇವಂಗ ಇಲ್ಲ. ಮುಂಜಾನಿ ಒಮ್ಮೆ, ಸಂಜಿಮುಂದ ಒಮ್ಮೆ ನಾ ಒಳಗ ಹೋದ್ರ ಅಷ್ಟು ಹೊತ್ತಾದ್ರೂ ಗಿಲಾಸ ಕೆಳಗ ಇಡತಿದ್ದ. ಬೇಕಂತೇ ಕೆಲಸ ಹಚ್ಕೊಂಡು ಕುಂದ್ರತಿದ್ದೆ, ಅರ್ಧಾ ತಾಸು, ಒಂದು ತಾಸು. ಅದಕ್ಕೇ ನನ್ನ ಔಷಧಿ ಅಲ್ಲಿ ಇಟ್ಟಿದ್ದೆ." ಚಾದರದ ಮೇಲೆ, ಕಾಲು ಇರಬೇಕಾದ ಸಪಾಟು ಜಾಗದಲ್ಲಿ ಕೈ ಆಡಿಸಿದರು. "ಈಗ ಆ ಕೋಲಿತನಕ ಹೋಗಾಕ ಆಗಂಗಿಲ್ಲ. ಈಗ ಅವಂಗ ಯಾರ ಹೆದರಿಕಿನೂ ಇಲ್ಲ."

 ಆಯಿ ಚಾದರದ ಅಂಚು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ಬರ್ಫ್ ಯಾಕ ಆತು ತಮ್ಮಾ? ನೀ ನೋಡ್ಕೋತೀನಿ ಅಂದಿದ್ದಿ."

ಸಾವ್ಕಾರನ ಹೆಸರು ಹೇಳಲು ಬಾಯಿ ತೆರೆದೆ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ. ಎರಡು ತಂತಿ, ಡ್ರಾಯರಿನಲ್ಲಿ ಬಿದ್ದಿದ್ದ ಸಾಮಾನು, ಪೀಪಾಯಿ ಒಡೆಯಲಿ ಎಂದು ಕಾದದ್ದು, ಹೋಗದ ಬುಧವಾರ.

"ಔಷಧಿ ಕೆಡತದ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

"ನೀನೂ ಕುಡೀತಿಯೇನು?"

"ಇಲ್ರಿ ಆಯಿ. ಹುಟ್ಟಿದಾಗಿಂದ ಮುಟ್ಟಿಲ್ಲ." ಎಲ್ಲರ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದ ಮಾತು ಅದು. ಅವತ್ತು ತಲೆ ತಗ್ಗಿಸಿ ಹೇಳಿದೆ.

"ಅವ ಕುಡದು ಮರತ," ಎಂದರು ಆಯಿ. "ನೀ ಎಚ್ಚರ ಇದ್ದು ಯಾಕ ಬಿಟ್ಟಿ?"

ಬೈದಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ್ದರು. ನನ್ನ ಕೈ ಕಿಸೆಯ ಥರ್ಮಾಮೀಟರಿನ ಮೇಲೆ ಹೋಯಿತು. ಆಯಿ ಕಾಯುತ್ತಲೇ ಇದ್ದರು.